ಗೆಳತಿಯ ಮೇಜಿಗೆ ಉದ್ರಿ ಬೇಡ
ಕಚೇರಿಯಲ್ಲಿ ಗೆಳತಿಯೊಬ್ಬಳು ಜೋಳದ ಬಿಸ್ಕತ್ತಿನ ಮೇಜು ಹಾಕಿದರೆ ನಾವು ಮಾಡುವ ಮೊದಲ ಉಪಕಾರ ‘ಚಲೋ ಆಗ್ಯಾವ’ ಎನ್ನುವುದು. ಎರಡನೆಯದು ‘ಪಗಾರ ಆದಮ್ಯಾಲೆ ಕೊಡ್ತೀನಿ’ ಎಂದು ಎರಡು ಪೊಟ್ಟಣ ಎತ್ತಿಕೊಳ್ಳುವುದು. ಅವಳನ್ನು ಮುಳುಗಿಸುವುದು ಈ ಎರಡನೆಯದೇ. ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಮನೆಯಡುಗೆಯನ್ನೇ ಉದ್ಯೋಗ ಮಾಡಿಕೊಂಡ ಎಷ್ಟೋ ಹೆಣ್ಣುಮಕ್ಕಳ ಬಂಡವಾಳ ಸಂಘದ ಸಾಲ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿಯಂಥ ಸ್ವಸಹಾಯ ಗುಂಪುಗಳಲ್ಲಿ ಕಂತಿನ ದಿನ ಬಂದರೆ ಬಂತು, ಅದು ನಮ್ಮ ಪಗಾರದ ದಾರಿ ಕಾಯುವುದಿಲ್ಲ. ಬೆಲ್ಲ, ತುಪ್ಪ, ಗ್ಯಾಸಿಗೆ ಅವಳು ಮೊದಲೇ ನಗದು ಎಣಿಸಿರುತ್ತಾಳೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆ ಕೇಂದ್ರ 2020ರಲ್ಲಿ ಶೇ 35ರ ಸಹಾಯಧನದ ಯೋಜನೆ ತಂದಿತಲ್ಲ ಎನ್ನಬಹುದು; ಅದು ಯಂತ್ರಕ್ಕೆ, ನಮ್ಮ ಉದ್ರಿಗಲ್ಲ. ಸ್ನೇಹಕ್ಕಾಗಿ ಕೊಳ್ಳುವುದು ವ್ಯಾಪಾರವನ್ನೇ ಕೆಡಿಸುತ್ತದೆ ಎಂಬ ಆಕ್ಷೇಪವೂ ಇದೆ. ಸಾಹೇಬರ ಮನೆಯವರ ಮೇಜಾದರಂತೂ ಅದು ಖರೀದಿಯಲ್ಲ, ದಂಡ. ಒಪ್ಪುತ್ತೇನೆ. ಅದಕ್ಕೇ ಬೇಡದವರು ಕೊಳ್ಳದಿರಲಿ, ಕೊಂಡವರು ಸೋಡಾ ಹೆಚ್ಚಾಗಿದ್ದರೆ ನಾಲ್ವರೆದುರು ಅಲ್ಲ, ಅವಳೊಬ್ಬಳಿಗೇ ಹೇಳಲಿ. ಶುಚಿತ್ವದ ಪ್ರಶ್ನೆ ಕೇಳುವುದೂ ಹಕ್ಕೇ: ಆಹಾರ ಸುರಕ್ಷತೆಯ 2011ರ ನಿಯಮಗಳು ಸಣ್ಣ ಆಹಾರ ವ್ಯಾಪಾರಿಯ ನೋಂದಣಿಗೆ ಗೊತ್ತುಮಾಡಿದ ಶುಲ್ಕ ವರ್ಷಕ್ಕೆ 100 ರೂಪಾಯಿ, ನೋಂದಣಿ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಇದ್ದರೆ ಚೌಕಾಸಿ ಮಾಡಬೇಡಿ. ಅಲ್ಲೇ ಸ್ಕ್ಯಾನ್ ಮಾಡಿ ಪೂರ್ತಿ ಹಣ ಹಾಕಿ.