ಕಾಳ್ಗಿಚ್ಚು: ಕಣ್ಣಿದ್ದರೆ ಸಾಲದು, ಕಾಲೂ ಬೇಕು

ಮಡಿಕೇರಿ: ಕೊಡಗಿನಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳೆಂದರೆ ಆಕಾಶ ನೋಡುವ ಕಾಲ. ಕಾಫಿ ಬೆಳೆಗಾರ ಹೂಮಳೆಗಾಗಿ ಕಾಯುತ್ತಾನೆ. ತೋಟದ ಬೇಲಿಯಾಚೆ, ಕಾಡಿನೊಳಗೆ, ಅರಣ್ಯ ಇಲಾಖೆಯ ಬೆಂಕಿ ಕಾವಲುಗಾರನೂ ಅದೇ ಮಳೆಗಾಗಿ ಕಾಯುತ್ತಾನೆ. ಮಳೆ ತಡವಾದರೆ ಒಬ್ಬನಿಗೆ ಫಸಲು ನಷ್ಟ. ಇನ್ನೊಬ್ಬನಿಗೆ ತೇಗದ ತರಗೆಲೆ, ಒಣಗಿದ ಲಂಟಾನ ಪೊದೆ, ಸತ್ತ ಬಿದಿರು ಮೆಳೆಗಳ ನಡುವೆ ಹೊಗೆ ಹುಡುಕುತ್ತ ನಡೆಯಬೇಕಾದ ಇನ್ನಷ್ಟು ದಿನಗಳು.

ಆ ಹೊಗೆಯನ್ನು ಮನುಷ್ಯನ ಕಣ್ಣಿಗಿಂತ ಮೊದಲು ಯಂತ್ರವೊಂದು ಗ್ರಹಿಸಬಾರದೇಕೆ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಏಳುತ್ತಿದೆ. ಮರಗಳಿಗೆ ಪುಟ್ಟ ಸೆನ್ಸರ್‌ಗಳನ್ನು ಕಟ್ಟಿ, ಅವನ್ನು ನಿಸ್ತಂತು ಜಾಲದಿಂದ ಬೆಸೆದು, ಕಿಡಿ ಜ್ವಾಲೆಯಾಗುವ ಮೊದಲೇ ಸುದ್ದಿ ಮುಟ್ಟಿಸುವ ವ್ಯವಸ್ಥೆಗಳು ಇಂದು ಕಲ್ಪನೆಯಾಗಿ ಉಳಿದಿಲ್ಲ. ಜರ್ಮನಿಯ ಡ್ರೈಯಾಡ್ ಎಂಬ ಸಂಸ್ಥೆ ಸೌರಶಕ್ತಿಯಿಂದ ನಡೆಯುವ ಇಂಥ ಅನಿಲ ಸೆನ್ಸರ್‌ಗಳನ್ನು ತಯಾರಿಸುತ್ತಿದೆ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಪ್ರದೇಶದಲ್ಲಿ 2024ರಲ್ಲಿ ಎತ್ತರದ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ಹೊಗೆಯನ್ನು ಕೃತಕ ಬುದ್ಧಿಮತ್ತೆಯಿಂದ ಗುರುತಿಸುವ ವ್ಯವಸ್ಥೆ ಆರಂಭವಾಯಿತು. ಕೊಡಗಿನ ಕಾಡಿಗೂ ಇಂಥದೊಂದು ಬೇಕೆನ್ನುವುದು ಸುಲಭ. ಎಲ್ಲಿ, ಯಾವ ಬಗೆಯದು, ಯಾರ ಉಸ್ತುವಾರಿಯಲ್ಲಿ ಎಂದು ಕೇಳಿದಾಗಲೇ ವಿಷಯದ ಗಂಟು ಬಿಚ್ಚಿಕೊಳ್ಳುವುದು.

ಉಪಗ್ರಹ ಕಂಡದ್ದು, ಕಾಣದ್ದು

ಬೆಂಕಿಯ ಸುದ್ದಿ ತರುವ ವ್ಯವಸ್ಥೆ ಈಗ ಇಲ್ಲವೆಂದಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದಲೇ ಉಪಗ್ರಹದ ಮಾಹಿತಿಯನ್ನು ಆಧರಿಸಿ ರಾಜ್ಯಗಳಿಗೆ ಬೆಂಕಿಯ ಎಚ್ಚರಿಕೆ ಕಳುಹಿಸುತ್ತಿದೆ. ರಾಜ್ಯದಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವೂ ಈ ಕೆಲಸದಲ್ಲಿ ಅರಣ್ಯ ಇಲಾಖೆಗೆ ಜೊತೆಯಾಗಿದೆ. ಮೊದಮೊದಲು ಬಳಕೆಯಲ್ಲಿದ್ದ ಮೋಡಿಸ್ ಉಪಕರಣ ನೆಲವನ್ನು ಒಂದು ಕಿಲೋಮೀಟರ್ ಚೌಕಗಳಾಗಿ ನೋಡುತ್ತಿತ್ತು. 2017ರಿಂದ ಬಳಕೆಗೆ ಬಂದ ವೀರ್ಸ್ ಉಪಕರಣದ ಚೌಕ 375 ಮೀಟರಿನದು. ಅಂದರೆ ಎಚ್ಚರಿಕೆ ಬಂದಾಗ ಬೆಂಕಿ ಸುಮಾರು 14 ಹೆಕ್ಟೇರಿನೊಳಗೆ ಎಲ್ಲೋ ಇದೆ ಎಂದಷ್ಟೇ ತಿಳಿಯುತ್ತದೆ. ಕಾಡಿನ ವಿಸ್ತಾರಕ್ಕೆ ಹೋಲಿಸಿದರೆ ಇದೇನೂ ಕಡಿಮೆ ಸಾಧನೆಯಲ್ಲ.

ತೊಡಕಿರುವುದು ಗಡಿಯಾರದಲ್ಲಿ. ಈ ಉಪಗ್ರಹಗಳು ನಮ್ಮ ನೆತ್ತಿಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ, ಮತ್ತೆ ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಬಿಸಿಲು ಬಲಿತು ಗಾಳಿ ಬೀಸತೊಡಗುವ ಅಪರಾಹ್ನ ಮೂರು ಗಂಟೆಗೆ ಹತ್ತಿದ ಬೆಂಕಿಗೆ ರಾತ್ರಿಯವರೆಗೆ ಕಾಡೆಲ್ಲ ತನ್ನದೇ. ಭೂಸ್ಥಿರ ಉಪಗ್ರಹ ಇನ್ಸಾಟ್ ಅರ್ಧ ಗಂಟೆಗೊಮ್ಮೆ ನೋಡುತ್ತದೆ, ನಿಜ. ಆದರೆ ಅದರ ಉಷ್ಣ ಚಿತ್ರದ ಒಂದೊಂದು ಚೌಕ 4 ಕಿಲೋಮೀಟರಿನಷ್ಟು ದೊಡ್ಡದು. ಒಣ ಹುಲ್ಲಿನ ಮೇಲೆ ಮೊದಲ ಅರ್ಧ ಗಂಟೆಯಲ್ಲಿ ಹರಿದಾಡುವ ಬೆಂಕಿ ಅದರ ಕಣ್ಣಿಗೆ ಬೀಳುವುದು ಕಷ್ಟ.

ಆ ಮೊದಲ ಅರ್ಧ ಗಂಟೆಯ ಬೆಲೆ ಏನೆಂಬುದನ್ನು ನೆರೆಯ ಬಂಡೀಪುರ ಕಂಡಿದೆ. 2019ರ ಫೆಬ್ರುವರಿ ಮೂರನೆಯ ವಾರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿದ ಬೆಂಕಿ ಕೆಲವೇ ದಿನಗಳಲ್ಲಿ 4 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ನುಂಗಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತಿದ್ದರು. 2023ರಲ್ಲಿ ಸಕಲೇಶಪುರದ ಬೆಟ್ಟಗಳಲ್ಲಿ ಮತ್ತೊಬ್ಬರು. ದೊಡ್ಡದಾದ ಬೆಂಕಿಯ ಎದುರು ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಲ್ಲುವ ಮನುಷ್ಯನಿಗೆ ತಡವಾಗಿ ಬಂದ ಎಚ್ಚರಿಕೆ ಎಂದರೆ ಏನರ್ಥ ಎಂಬುದನ್ನು ಈ ಸಾವುಗಳು ಹೇಳುತ್ತವೆ.

ಇಡೀ ಕಾಡಿಗೆ ಬೇಲಿ ಹಾಕಲಾಗದು

ಸೆನ್ಸರ್ ಜಾಲದ ಬಗ್ಗೆ ಮೊದಲು ಬಿಡಬೇಕಾದ ಭ್ರಮೆ, ಅದು ಇಡೀ ಕಾಡನ್ನು ಕಾಯುತ್ತದೆ ಎಂಬುದು. ಸರಳ ಲೆಕ್ಕವೊಂದನ್ನು ನೋಡಬಹುದು. ಕೊಡಗು ಮತ್ತು ಮೈಸೂರು ಜಿಲ್ಲೆಗಳಲ್ಲಿ ಹರಡಿರುವ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರ್. ಅನಿಲ ಸೆನ್ಸರ್ ಹೊಗೆಯನ್ನು ಬೇಗ ಗ್ರಹಿಸಬೇಕಾದರೆ ನೂರು ಮೀಟರಿಗೊಂದರಂತೆ, ಅಂದರೆ ಹೆಕ್ಟೇರಿಗೆ ಒಂದರಂತೆ ಇರಬೇಕೆಂದು ಇಟ್ಟುಕೊಂಡರೂ ಬೇಕಾಗುವುದು 64 ಸಾವಿರಕ್ಕೂ ಹೆಚ್ಚು. ಅಷ್ಟನ್ನು ಕೊಳ್ಳುವ ಮಾತು ಹಾಗಿರಲಿ, ವರ್ಷಕ್ಕೊಮ್ಮೆ ಒರೆಸಿ ನೋಡುವವರು ಯಾರು?

ಅಷ್ಟರ ಅಗತ್ಯವೂ ಇಲ್ಲ. ನಮ್ಮ ಕಾಡಿನ ಬೆಂಕಿ ಸಾಮಾನ್ಯವಾಗಿ ಸಿಡಿಲಿನಿಂದ ಹುಟ್ಟುವಂಥದಲ್ಲ. ಅದು ಮನುಷ್ಯನ ಕೈಯಿಂದ ಹತ್ತುತ್ತದೆ. ಎಸೆದ ಬೀಡಿ, ಜೇನು ಇಳಿಸಲು ಹಚ್ಚಿದ ಸೂಡಿ, ದನಗಳಿಗೆ ಎಳೆಹುಲ್ಲು ಬರಲೆಂದು ಇಟ್ಟ ಕೊಳ್ಳಿ, ಗದ್ದೆಬದಿಯ ಕಸ, ಒಮ್ಮೊಮ್ಮೆ ಇಲಾಖೆಯ ಮೇಲಿನ ಸಿಟ್ಟು. 1992ರಲ್ಲಿ ನಾಗರಹೊಳೆಯಲ್ಲಿ ಬೇಟೆ ತಡೆಯುವ ವಿಷಯದಲ್ಲಿ ಉಂಟಾದ ಘರ್ಷಣೆಯ ಬೆನ್ನಲ್ಲೇ ಉದ್ರಿಕ್ತ ಗುಂಪು ಕಾಡಿಗೇ ಬೆಂಕಿ ಇಟ್ಟದ್ದನ್ನು ಜಿಲ್ಲೆ ಮರೆತಿಲ್ಲ. ಹೀಗಾಗಿ ಬೆಂಕಿ ಹುಟ್ಟುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವವೇ: ರಸ್ತೆಯಂಚು, ಊರಂಚು, ದನ ನುಗ್ಗುವ ದಾರಿ, ಚಾರಣದ ಹಾದಿ. ಕುಟ್ಟ, ನಾಣಚ್ಚಿ, ಬಾಳೆಲೆ, ತಿತಿಮತಿಯ ಕಡೆಯಿಂದ ಕಾಡನ್ನು ಮುಟ್ಟುವ ಅಂಚುಗಳಲ್ಲಿ ಹತ್ತು ಕಿಲೋಮೀಟರನ್ನು ಆಯ್ದು, ನೂರು ಮೀಟರ್ ಅಂತರದಲ್ಲಿ ಎರಡು ಸಾಲು ಕಟ್ಟಿದರೆ ಬೇಕಾಗುವುದು ಸುಮಾರು 200 ಸೆನ್ಸರ್. ಅದು ಕೈಗೆಟುಕುವ ಮಾತು.

ಕೊಡಗಿನ ಕಾಡೂ ಒಂದೇ ಬಗೆಯದಲ್ಲ. ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿನ ನೆಲ ಬೇಸಿಗೆಯಲ್ಲೂ ತೇವವಾಗಿರುವುದರಿಂದ ಅಲ್ಲಿ ಬೆಂಕಿ ನಿಲ್ಲುವುದೇ ಅಪರೂಪ. ಅಲ್ಲಿ ಸೆನ್ಸರ್ ಕಟ್ಟುವುದು ಹಣ ಪೋಲು. ಬ್ರಹ್ಮಗಿರಿ, ಪುಷ್ಪಗಿರಿ, ತಡಿಯಂಡಮೋಳ್ ಸಾಲುಗಳ ಹುಲ್ಲುಗಾವಲಿನ ಕತೆ ಬೇರೆ. ಅಲ್ಲಿ ಕಟ್ಟಲು ಮರವಿಲ್ಲ, ಬೀಸುವ ಗಾಳಿ ಹೊಗೆಯನ್ನು ಚದುರಿಸಿಬಿಡುತ್ತದೆ. ಆದರೆ ನೋಟ ಮೈಲುಗಟ್ಟಲೆ ತೆರೆದಿದೆ. ಪೆಂಚ್‌ನಲ್ಲಿರುವಂಥ ಕ್ಯಾಮೆರಾಕ್ಕೆ ತಕ್ಕ ಜಾಗ ಅದು. ಅನಿಲ ಸೆನ್ಸರ್‌ಗೆ ತಕ್ಕ ಜಾಗ ಪೂರ್ವದ ಎಲೆಯುದುರುವ ಕಾಡು, ಅದರಲ್ಲೂ ಬ್ರಿಟಿಷರ ಕಾಲದಿಂದ ಬೆಳೆಸಿದ ತೇಗದ ನೆಡುತೋಪುಗಳು. ಹೂ ಬಿಟ್ಟು ಸತ್ತ ಬಿದಿರು ಒಣಗಿ ನಿಂತ ವರ್ಷಗಳಲ್ಲಿ ಅಲ್ಲಿ ಅಪಾಯ ಹೇಗೆ ಏರುತ್ತದೆಂಬುದನ್ನು 2012ರ ಬೇಸಿಗೆ ತೋರಿಸಿತ್ತು.

ಆನೆ, ಮಳೆ, ಮಂಗ

ಅನಿಲ ಸೆನ್ಸರ್ ಕೆಲಸ ಮಾಡುವ ಬಗೆ ಸರಳ. ತರಗೆಲೆ ಜ್ವಾಲೆಯಿಲ್ಲದೆ ಹೊಗೆಯಾಡುವಾಗ ಇಂಗಾಲದ ಮಾನಾಕ್ಸೈಡ್, ಜಲಜನಕ ಮುಂತಾದ ಅನಿಲಗಳು ಹೊಮ್ಮುತ್ತವೆ. ಅದನ್ನು ಗ್ರಹಿಸಿದ ಸೆನ್ಸರ್ ಲೋರಾ ಎಂಬ ಅಲ್ಪಶಕ್ತಿಯ ರೇಡಿಯೋ ಮೂಲಕ ನಾಲ್ಕಾರು ಅಂಕಿಗಳ ಪುಟ್ಟ ಸಂದೇಶವನ್ನು ಗೇಟ್‌ವೇ ಎಂಬ ಪೆಟ್ಟಿಗೆಗೆ ಕಳುಹಿಸುತ್ತದೆ. ಇದಕ್ಕೆ ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಬಹುದು. ಬಯಲಿನಲ್ಲಿ ಹತ್ತು ಕಿಲೋಮೀಟರ್ ದಾಟುವ ಈ ಸಂಕೇತ ದಟ್ಟ ಕಾಡಿನಲ್ಲಿ, ಗುಡ್ಡ ಅಡ್ಡವಾದಾಗ, ಒಂದೆರಡು ಕಿಲೋಮೀಟರಿಗೇ ಸೊರಗುತ್ತದೆ. ಹಾಗಾಗಿ ಗೇಟ್‌ವೇಗಳನ್ನು ಕಳ್ಳಬೇಟೆ ತಡೆ ಶಿಬಿರಗಳಲ್ಲಿ, ವೀಕ್ಷಣಾ ಗೋಪುರಗಳಲ್ಲಿ ಇಡುವುದೇ ಲೇಸು. ಅಲ್ಲಿ ಸೌರಫಲಕ ನಿಲ್ಲಿಸಬಹುದು, ನೋಡಿಕೊಳ್ಳಲು ಜನರೂ ಇರುತ್ತಾರೆ.

ಪುಸ್ತಕದಲ್ಲಿಲ್ಲದ ತೊಡಕುಗಳು ಇನ್ನು ಮುಂದೆ. ಹೊಗೆ ಬೇಗ ಸಿಗುವುದು ನೆಲಕ್ಕೆ ಹತ್ತಿರದಲ್ಲಿ. ಆದರೆ ಅಲ್ಲಿರುವುದೆಲ್ಲವೂ ಆನೆಯ ಸೊಂಡಿಲಿಗೆ ಸಿಗುತ್ತದೆ. ಸೋಲಾರ್ ಬೇಲಿಯ ಕಂಬವನ್ನು ಕಾಲಿನಿಂದ ಬಾಗಿಸಿ ದಾಟುವ ಆನೆಗಳ ಜಿಲ್ಲೆಯಿದು. ಮರದ ಮೇಲೆ ಹೊಸದಾಗಿ ಕಂಡ ಡಬ್ಬಿಯನ್ನು ಮಂಗ ಎಳೆದು ನೋಡದೆ ಬಿಡುವುದಿಲ್ಲ. ಬೇಸಿಗೆಯಲ್ಲಿ ತೇಗ ಎಲೆಯುದುರಿಸುವುದರಿಂದ ಸೌರಫಲಕಕ್ಕೆ ಬಿಸಿಲು ಸಿಗುತ್ತದೆ, ಅದು ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆಗಳ ನೆರಳು, ಮೋಡ, ಪಾಚಿ, ಇರುವೆ ಗೂಡು. ನಾಲ್ಕು ತಿಂಗಳು ನೆನೆದ ಉಪಕರಣ ಫೆಬ್ರುವರಿಯಲ್ಲಿ ಎಚ್ಚರವಾಗಿರಬೇಕಲ್ಲ! ಲಿಥಿಯಂ ಬ್ಯಾಟರಿಯೇ ಬಿಸಿಯೇರಿ ಕಿಡಿಗೆ ಕಾರಣವಾಗದಂತೆಯೂ ಎಚ್ಚರ ಬೇಕು.

ಸುಳ್ಳು ಎಚ್ಚರಿಕೆಯ ಕಾಟವೂ ಸಣ್ಣದಲ್ಲ. ಹಾಡಿಯ ಒಲೆ, ತೋಟದ ಲೈನ್‌ಮನೆಗಳ ಒಲೆ, ರಸ್ತೆಯ ಲಾರಿ, ಮುಂಜಾನೆಯ ಇಬ್ಬನಿಯಲ್ಲಿ ನೆಲಕ್ಕಂಟಿ ನಿಲ್ಲುವ ಹೊಗೆ ಎಲ್ಲವೂ ಸೆನ್ಸರ್‌ಗೆ ಒಂದೇ. ಆಯಾ ಜಾಗದ ಸಹಜ ಗಾಳಿ ಎಂಥದೆಂಬುದನ್ನು ಯಂತ್ರ ಒಂದು ಇಡೀ ಬೇಸಿಗೆ ಕಲಿಯಬೇಕಾಗುತ್ತದೆ. ಮೊದಲ ವರ್ಷದ ಎಚ್ಚರಿಕೆಗಳನ್ನು ನಂಬಿ ಓಡಿ ಹತ್ತು ಸಲ ಬರಿಗೈಯಲ್ಲಿ ಮರಳಿದ ಸಿಬ್ಬಂದಿ ಹನ್ನೊಂದನೆಯ ಸಲ ಓಡುವುದಿಲ್ಲ. ತೋಳ ಬಂತು ತೋಳ ಎಂದ ಹುಡುಗನ ಕತೆ ಎಲ್ಲರಿಗೂ ಗೊತ್ತಿರುವುದೇ.

ಎಚ್ಚರಿಕೆ ಯಾರ ಕೈಗೆ?

ಕೊಡಗಿಗೆ ಸೆನ್ಸರ್ ಜಾಲವೆಂಬುದು ಹೊಸತೇನಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದಾದ್ಯಂತ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿರುವ 6 ಸಾವಿರಕ್ಕೂ ಹೆಚ್ಚು ದೂರಮಾಪಕ ಮಳೆಮಾಪನ ಯಂತ್ರಗಳು ಇಲ್ಲಿಯೂ ಇವೆ. ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುವಂತೆ ಅವನ್ನು ರೂಪಿಸಲಾಗಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಬೆಟ್ಟಗಳು ಜಾರಿದಾಗ ಮಳೆಯ ಅಂಕಿ ಕೊರತೆಯಾಗಿರಲಿಲ್ಲ. ಆ ಅಂಕಿಯನ್ನು ಕಂಡು, ಇಂಥ ಬೆಟ್ಟದ ಬುಡದ ಮನೆಯವರು ಈ ರಾತ್ರಿಯೇ ಹೊರಡಬೇಕೆಂದು ಬಾಗಿಲು ತಟ್ಟಿ ಹೇಳುವ ಕೊಂಡಿ ಕಡಿದಿತ್ತು. ವಿದ್ಯುತ್ತು, ದೂರವಾಣಿ ಎರಡೂ ಇಲ್ಲದ ಊರುಗಳಿಗೆ ಸುದ್ದಿ ಕಾಲ್ನಡಿಗೆಯಲ್ಲೇ ತಲುಪಬೇಕಾಯಿತು.

ಬೆಂಕಿಯ ವಿಷಯದಲ್ಲೂ ಕೊಂಡಿ ಕಡಿಯುವುದು ಅಲ್ಲಿಯೇ. ಸೆನ್ಸರ್‌ನ ಸಂದೇಶ ಬೆಂಗಳೂರಿನ ಪರದೆಯೊಂದರ ಮೇಲೆ ಕೆಂಪು ಚುಕ್ಕಿಯಾಗಿ ಮೂಡಿ, ಅಲ್ಲಿಂದ ವಿಭಾಗದ ಕಚೇರಿಗೆ, ಅಲ್ಲಿಂದ ವಲಯಕ್ಕೆ ಇಳಿದು ಬರುವುದಾದರೆ ಉಳಿಸಿದ ನಿಮಿಷಗಳೆಲ್ಲ ದಾರಿಯಲ್ಲೇ ಸೋರಿಹೋಗುತ್ತವೆ. ನಾಗರಹೊಳೆಯ ಒಳಗೆ ಮೊಬೈಲ್ ಸಂಕೇತ ಸಿಗದ ಜಾಗಗಳೇ ಹೆಚ್ಚು. ಅಲ್ಲಿ ನಡೆಯುವುದು ವಾಕಿಟಾಕಿ. ಗೇಟ್‌ವೇ ಇರುವ ಶಿಬಿರದಲ್ಲೇ ಗಂಟೆ ಬಾರಿಸಬೇಕು, ಯಾವ ಮರದ ಸೆನ್ಸರ್ ಎಂಬುದು ಶಿಬಿರದವರಿಗೆ ಅವರು ಕರೆಯುವ ಹಡ್ಲಿನ ಹೆಸರಿನಲ್ಲಿ, ಹಳ್ಳದ ಹೆಸರಿನಲ್ಲಿ ತಿಳಿಯಬೇಕು. ಅಕ್ಷಾಂಶ ರೇಖಾಂಶದ ಏಳಂಕಿ ಓದಿಕೊಂಡು ಕತ್ತಲಲ್ಲಿ ಯಾರೂ ಓಡಲಾರರು.

ಓಡುವವರು ಯಾರು? ಬೇಸಿಗೆಯ ನಾಲ್ಕೈದು ತಿಂಗಳಿಗೆಂದು ನೇಮಿಸುವ ಬೆಂಕಿ ಕಾವಲುಗಾರರು. ಇವರಲ್ಲಿ ಹೆಚ್ಚಿನವರು ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳವರು. ದಿನಗೂಲಿ ಸಕಾಲಕ್ಕೆ ಬರುವುದಿಲ್ಲವೆಂಬ ಇಂಥ ಕಾವಲುಗಾರರ ದೂರು ರಾಜ್ಯದ ಕಾಡುಗಳಲ್ಲಿ ಹಳೆಯದು. ಕಾಡಿನ ಬೆಂಕಿ ತಡೆಗೆಂದೇ 2017-18ರಿಂದ ಕೇಂದ್ರದ ಯೋಜನೆಯೊಂದಿದೆ. ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಉಪಕರಣ ಕೊಳ್ಳಲು ಒಮ್ಮೆ ಹಣ ಸಿಗುವುದು ಸುಲಭ, ಅದಕ್ಕೊಂದು ಉದ್ಘಾಟನೆಯೂ ಇರುತ್ತದೆ. ಮೂರನೆಯ ವರ್ಷ ಬ್ಯಾಟರಿ ಬದಲಿಸಲು, ಬೂಟು ಕೊಳ್ಳಲು, ಕಾವಲುಗಾರನ ಏಪ್ರಿಲ್ ತಿಂಗಳ ಕೂಲಿಗೆ ಹಣ ಸಿಗುವುದೇ ಕಷ್ಟ.

ಇನ್ನೊಂದು ಸೂಕ್ಷ್ಮವೂ ಇದೆ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ, ಅರಣ್ಯ ಹಕ್ಕು ಕಾಯ್ದೆಯಡಿ ಅದು ತಮ್ಮ ನೆಲವೆಂದು ಸಾರಿದವು. ಇಲಾಖೆಗೂ ಹಾಡಿಗಳಿಗೂ ನಡುವೆ ಅಪನಂಬಿಕೆ ಇಷ್ಟು ದಟ್ಟವಾಗಿರುವಾಗ ಮರಮರಕ್ಕೂ ಕಟ್ಟಿದ ಡಬ್ಬಿ ಬೆಂಕಿ ಕಾಯಲೋ ತಮ್ಮನ್ನು ಕಾಯಲೋ ಎಂದು ಜನ ಕೇಳಿದರೆ ಆಶ್ಚರ್ಯವಿಲ್ಲ. ಉತ್ತರಾಖಂಡದ ಕಾರ್ಬೆಟ್‌ನಲ್ಲಿ ವನ್ಯಜೀವಿಗಳಿಗೆಂದು ಇಟ್ಟ ಕ್ಯಾಮೆರಾ, ಡ್ರೋನ್‌ಗಳು ಸೌದೆಗೆ ಹೋಗುವ ಹೆಂಗಸರನ್ನು ಬೆದರಿಸುವ ಸಾಧನಗಳಾದುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಅನಿಲ ಸೆನ್ಸರ್‌ಗೆ ಮುಖ ಕಾಣುವುದಿಲ್ಲ; ಊರಂಚಿನಲ್ಲಿ ಕ್ಯಾಮೆರಾಕ್ಕಿಂತ ಅದು ಮೇಲೆನ್ನಲು ಇದೂ ಒಂದು ಕಾರಣ. ಹಾಗಿದ್ದರೂ ಕಟ್ಟುವ ಮೊದಲು ಗ್ರಾಮಸಭೆಯ ಮುಂದೆ ಡಬ್ಬಿ ಬಿಚ್ಚಿ ತೋರಿಸುವುದು ಒಳ್ಳೆಯದು.

ಎಲ್ಲ ಬೆಂಕಿಯೂ ಅಪರಾಧವಲ್ಲವೆಂಬುದನ್ನೂ ಜಾಲಕ್ಕೆ ತಿಳಿಸಿರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ ತರಗು ಬೆಂಕಿ ಹಾಕಿ ನೆಲದ ಕಸವನ್ನು ತೆಳುವಾಗಿ ಸುಡುತ್ತಿದ್ದರು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಬಳಿಕ ಅದು ನಿಂತಿತು, ಲಂಟಾನ ಹಬ್ಬಿತು ಎಂಬುದು ಅವರ ಮಾತು; ಸಂಶೋಧಕರೂ ಅದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಇಲಾಖೆಯೇ ರಸ್ತೆಬದಿಯ ಬೆಂಕಿರೇಖೆಗಳನ್ನು ಮುಂಚಿತವಾಗಿ ಸುಡುತ್ತದೆ. ಇಂಥ ದಿನಗಳನ್ನು ಮೊದಲೇ ದಾಖಲಿಸುವ ಏರ್ಪಾಡು ಇಲ್ಲದಿದ್ದರೆ ಜಾಲ ಕೂಗುತ್ತಲೇ ಇರುತ್ತದೆ.

ಪ್ರಯೋಗಕ್ಕೆ ಬೇರೆ ಸಮೀಕ್ಷೆಯ ಅಗತ್ಯವೂ ಕಾಣುವುದಿಲ್ಲ. ಬೆಂಕಿರೇಖೆ ಕಡಿಯುವ ತಂಡಗಳು ಮಳೆ ಬಿಟ್ಟ ಮೇಲೆ, ಡಿಸೆಂಬರ್ ಹೊತ್ತಿಗೆ, ಕತ್ತಿ ಹಿಡಿದು ಅದೇ ಅಂಚುಗಳುದ್ದಕ್ಕೂ ನಡೆಯುತ್ತವೆ. ಹಿಂದಿನ ಬೇಸಿಗೆಗಳಲ್ಲಿ ಬೆಂಕಿ ಎಲ್ಲಿಂದ ನುಗ್ಗಿತು, ಗಾಳಿ ಎತ್ತ ತಿರುಗಿತು, ಆನೆ ಯಾವ ದಾರಿ ಬಳಸುತ್ತದೆ ಎಂಬುದು ಅವರಿಗೆ ಗೊತ್ತು. ಸೆನ್ಸರ್ ಕಟ್ಟಬೇಕಾದ ಮರಕ್ಕೆ ಸುಣ್ಣದ ಗುರುತು ಹಾಕುವ ಕೆಲಸ ಅವರದೇ ಆದರೆ, ಮೇ ಕೊನೆಯಲ್ಲಿ ಅವನ್ನು ಬಿಚ್ಚಿ ಒಣಗಿದ ಕೋಣೆಯಲ್ಲಿಟ್ಟು ಮತ್ತೆ ಡಿಸೆಂಬರಿನಲ್ಲಿ ಕಟ್ಟುವ ಕೆಲಸವನ್ನೂ ಅವರಿಗೇ ಒಪ್ಪಿಸಬಹುದು, ಕೂಲಿಯೂ ಎರಡು ತಿಂಗಳು ಹೆಚ್ಚು ಸಿಕ್ಕೀತು.