ದರ್ಜೆ ಬರೆಯುವ ಕೈ

ಫ್ರಾನ್ಸಿನ ದುಬಾರಿ ವೈನ್ ವ್ಯಾಪಾರದಲ್ಲಿ ಪ್ರಭಾವಿಗಳು ಯಾರು ಎಂದರೆ ದೊಡ್ಡ ತೋಟಗಳ ಒಡೆಯರ ನೆನಪಾಗುವುದು ಸಹಜ. ಇತಿಹಾಸ ಬೇರೆಯವರತ್ತ ಕೈತೋರುತ್ತದೆ. ಮೂರನೆಯ ನೆಪೋಲಿಯನ್ ಕಾಲದಲ್ಲಿ, 1855ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ, ಬೋರ್ಡೊ ಸೀಮೆಯ ವೈನುಗಳ ದರ್ಜೆಪಟ್ಟಿ ಬೇಕಾಯಿತು. ಅಲ್ಲಿನ ವಾಣಿಜ್ಯ ಮಂಡಳಿ ಆ ಕೆಲಸ ವಹಿಸಿದ್ದು ದ್ರಾಕ್ಷಿ ಬೆಳೆಯುವವರಿಗಲ್ಲ, ಊರಿನ ದಲಾಲರ ಸಂಘಕ್ಕೆ. ಏಪ್ರಿಲ್ 18ರಂದು ಅವರು ಕೆಂಪು ವೈನಿನ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿ ಕೊಟ್ಟರು. ಆಧಾರವಾಗಿದ್ದುದು ಹಲವು ದಶಕಗಳಲ್ಲಿ ಆ ವೈನುಗಳಿಗೆ ಪೇಟೆಯಲ್ಲಿ ಸಿಕ್ಕಿದ್ದ ಬೆಲೆ. ಒಂದು ಪ್ರದರ್ಶನಕ್ಕೆಂದು ಬರೆದ ಪಟ್ಟಿ ಇಂದಿಗೂ ಊರ್ಜಿತದಲ್ಲಿದೆ. ಎರಡನೆಯ ದರ್ಜೆಯಲ್ಲಿದ್ದ ಮೂಟೊನ್ ತೋಟ ಮೊದಲನೆಯದಕ್ಕೆ ಏರಿದ್ದು 1973ರಲ್ಲಿ, ಅದೂ ಒಡೆಯ ಫಿಲಿಪ್ ದ ರಾತ್‌ಶೀಲ್ಡ್ ದಶಕಗಳ ಕಾಲ ಪಟ್ಟುಬಿಡದೆ ಹೋರಾಡಿದ ಮೇಲೆ. ದಲಾಲರ ಈ ಅಧಿಕಾರ ಮುಂದೆ ವಿಮರ್ಶಕರ ಕೈಗೂ ಬಂತು. 1982ರ ಬೋರ್ಡೊ ಸುಗ್ಗಿಯನ್ನು ಎತ್ತಿಹಿಡಿದ ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್ ನೂರಕ್ಕೆ ಎಷ್ಟು ಅಂಕ ಕೊಟ್ಟರು ಎಂಬುದರ ಮೇಲೆ ಬೆಲೆ ಏರುವ, ಇಳಿಯುವ ಕಾಲ ಬಂತು. ಅವರಿಗೆ ಅಲ್ಲಿ ಒಂದು ಗೇಣು ತೋಟವಿರಲಿಲ್ಲ.

ನಮ್ಮ ನಾಡೂ ಇದರಿಂದ ಹೊರಗಿಲ್ಲ. ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿ ಬೆಳೆಸಿ ವೈನ್ ಮಾಡಲು ಹೊರಟಾಗ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ, ಮುಂದೆ 1990ರ ದಶಕದಲ್ಲಿ ಬೋರ್ಡೊದ ಮಿಶೆಲ್ ರೋಲಾಂ ಅವರ ಸಲಹೆ ಪಡೆದರು. ದೊಡ್ಡಬಳ್ಳಾಪುರದ ಮಣ್ಣಿನ ಗುಣಕ್ಕೆ ಬೋರ್ಡೊದ ಒಪ್ಪಿಗೆ ಬೇಕಿತ್ತು.

ಸರಕಿಗೆ ದರ್ಜೆ ಕಟ್ಟುವವನು ಆ ಸರಕಿನ ವ್ಯಾಪಾರವನ್ನು ಆಳುತ್ತಾನೆ. ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜನ್ನು ಅರ್ಥಮಾಡಿಕೊಳ್ಳಲು ಈ ಮಾತು ಸಾಕು. ದೇವದುರ್ಗದ ಹತ್ತಿ ಗಂಜಿಗೆ ಬಂದಾಗ ಖರೀದಿದಾರ ಒಂದು ಹಿಡಿ ಕಿತ್ತು ಎಳೆಯ ಉದ್ದ, ತೇವ, ಕಸ ನೋಡುತ್ತಾನೆ. ಮಾನ್ವಿಯ ಭತ್ತವಾದರೆ ಅಂಗೈಯಲ್ಲಿ ತಿಕ್ಕಿ ಜೊಳ್ಳೆಷ್ಟು, ನುಚ್ಚೆಷ್ಟು ಎಂದು ಅಂದಾಜಿಸುತ್ತಾನೆ. ಆರು ತಿಂಗಳ ದುಡಿಮೆಯ ಬೆಲೆ ಆ ಅಂಗೈಯಲ್ಲಿ ನಿರ್ಧಾರವಾಗುತ್ತದೆ. ಸರ್ಕಾರಿ ಖರೀದಿಯಲ್ಲಿ ಭಾರತೀಯ ಹತ್ತಿ ನಿಗಮ ಶೇ. 8ರಷ್ಟು ತೇವಕ್ಕೆ ಪೂರ್ಣ ಬೆಂಬಲ ಬೆಲೆ, 12ರವರೆಗೆ ಕಡಿತ ಎಂದು ಬರೆದಿಟ್ಟಿದೆ. ಭತ್ತಕ್ಕೆ ಶೇ. 17ರ ಮಿತಿಯಿದೆ. ನಿಯಮ ಕಾಗದದಲ್ಲಿದ್ದರೆ ರೈತ ಕನಿಷ್ಠ ತಕರಾರು ಎತ್ತಬಲ್ಲ. ಖರೀದಿದಾರನ ಅಂದಾಜಿನೊಡನೆ ತಕರಾರು ಮಾಡುವುದು ಹೇಗೆ?

ಹಾಗಾದರೆ ದಲಾಲಿ ಅಂಗಡಿಯವರನ್ನು ಕಳ್ಳರೆನ್ನಬೇಕೆ? ಖಂಡಿತ ಇಲ್ಲ. ಬ್ಯಾಂಕು ಬಾಗಿಲು ಹಾಕಿದಾಗ ಬೀಜ, ಗೊಬ್ಬರಕ್ಕೆ ದುಡ್ಡು ಕೊಟ್ಟವರು ಅವರೇ. ಮಗಳ ಮದುವೆಗೂ ರೈತ ಅವರ ಗದ್ದಿಗೆ ಹೋಗಿ ಕೂಡುತ್ತಾನೆ. ಬೋರ್ಡೊದಲ್ಲಿಯೂ ತೋಟಕ್ಕೂ ಸಗಟು ವ್ಯಾಪಾರಿಗೂ ನಡುವೆ ಶೇ. 2ರ ದಲಾಲಿ ಪಡೆದು ಕೆಲಸ ಮಾಡುವವರು ಈಗಲೂ ಇದ್ದಾರೆ. ಮಧ್ಯವರ್ತಿ ಇರುವುದರಿಂದ ಅನ್ಯಾಯ ಹುಟ್ಟುವುದಿಲ್ಲ. ಸಾಲ ಕೊಟ್ಟವನ ಅಂಗಡಿಯಲ್ಲೇ ಮಾಲಿನ ಗುಣವೂ ತೀರ್ಮಾನವಾದಾಗ, ಆ ತೀರ್ಮಾನಕ್ಕೆ ಲಿಖಿತ ಆಧಾರವೇ ಇಲ್ಲದಾಗ ಹುಟ್ಟುತ್ತದೆ.

ಫ್ರಾನ್ಸಿನ ಬೆಳೆಗಾರರು ಇದಕ್ಕೆ ಕಂಡುಕೊಂಡ ದಾರಿ ನನ್ನನ್ನು ಬಹುವಾಗಿ ಸೆಳೆಯುತ್ತದೆ. ಶಾತೊನಫ್-ದ್ಯು-ಪಾಪ್ ಎಂಬ ಊರಿನ ಹೆಸರಿನಲ್ಲಿ ಯಾರ್ಯಾರೋ ಎಲ್ಲೆಲ್ಲಿಯದೋ ವೈನ್ ಮಾರುತ್ತಿದ್ದರು. 1923ರಲ್ಲಿ ಅಲ್ಲಿನ ಬೆಳೆಗಾರರು ಬ್ಯಾರನ್ ಪಿಯೆರ್ ಲ ರುವಾ ಅವರ ಮೊರೆಹೊಕ್ಕರು. ವಕೀಲಿ ಕಲಿತ, ತಾವೂ ದ್ರಾಕ್ಷಿ ಬೆಳೆಯುತ್ತಿದ್ದ ಅವರು ಬೆಳೆಗಾರರನ್ನೇ ಮೊದಲು ಕಟ್ಟಿಹಾಕಿದರು. ಕಾಡು ಥೈಮ್ ಮತ್ತು ಲ್ಯಾವೆಂಡರ್ ಎರಡೂ ಬೆಳೆಯುವಂಥ ಬರಡು ನೆಲದ ದ್ರಾಕ್ಷಿಗೆ ಮಾತ್ರ ಊರಿನ ಹೆಸರು, ಗೊತ್ತಾದ ತಳಿಗಳಷ್ಟೇ, ಕೊಯ್ದುದರಲ್ಲಿ ಕನಿಷ್ಠ ಶೇ. 5 ಆರಿಸಿ ತೆಗೆಯಬೇಕು. ನ್ಯಾಯಾಲಯಗಳಲ್ಲಿ ಹತ್ತು ವರ್ಷ ಹೋರಾಡಿ ಗೆದ್ದರು. ಶಾಸಕ ಜೋಸೆಫ್ ಕಾಪ್ಯು ಅವರ ಪ್ರಯತ್ನದಿಂದ 1935ರಲ್ಲಿ ಈ ಕ್ರಮ ದೇಶದ ಕಾನೂನಾಯಿತು. ಅಲ್ಲಿಂದ ಊರಿನ ಹೆಸರು ಬೆಳೆಗಾರರ ಸಮಷ್ಟಿ ಆಸ್ತಿ.

ವೈನ್ ಶ್ರೀಮಂತರ ಶೋಕಿ, ಅಕ್ಕಿ ಎಲ್ಲರ ಅನ್ನ, ಹೋಲಿಕೆ ಸಲ್ಲದು ಎನ್ನಬಹುದು. ಆದರೆ ಬೆಂಗಳೂರಿನ ಅಂಗಡಿಗಳಲ್ಲಿ ರಾಯಚೂರು ಸೋನಾ ಮಸೂರಿ ಎಂದರೆ ಗಿರಾಕಿ ನಂಬುತ್ತಾನೆ. ಆ ನಂಬಿಕೆಗೆ ಬೆಲೆಯಿದೆ. ಅದು ಚೀಲದ ಮೇಲೆ ಹೆಸರು ಅಚ್ಚುಹಾಕಿಸುವವನಿಗೆ ಸೇರುತ್ತದೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನೀರಿಗೆ ಕಾದು ನಾಟಿ ಮಾಡಿದವನಿಗಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆ ಹೆಸರಿನಲ್ಲಿ ಬೆಳೆಯುವ ಬಿಪಿಟಿ 5204 ಆಂಧ್ರದ ಬಾಪಟ್ಲದ ತಳಿ, ಈಚೆಗೆ ಹಬ್ಬಿರುವ ಆರ್‌ಎನ್‌ಆರ್ ತೆಲಂಗಾಣದ್ದು, ನಮ್ಮದೆನ್ನಲು ಏನಿದೆ? ಬೋರ್ಡೊದ ಕ್ಯಾಬರ್ನೇ ದ್ರಾಕ್ಷಿಯೂ ಇಂದು ಜಗತ್ತಿನ ನಾನಾ ಕಡೆ ಬೆಳೆಯುತ್ತದೆ. ಫ್ರೆಂಚರ ಕಾನೂನು ಕಾಯುವುದು ತಳಿಯೊಂದನ್ನೇ ಅಲ್ಲ, ನೆಲ ಮತ್ತು ಕ್ರಮ ಸೇರಿ ಬಂದ ಗುಣವನ್ನು. ಮಾನ್ವಿಯ ಎರೆಮಣ್ಣು ಅಂಥ ಗುಣ ಕೊಡುತ್ತದೆಯೇ ಎಂಬುದನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಅಳೆದು ಹೇಳಬೇಕು. ಇಲ್ಲವೆಂದು ಬಂದರೆ ಆ ಹೆಸರಿನ ಮೇಲಿನ ಹಕ್ಕೊತ್ತಾಯ ಬಿಡುವುದೇ ಪ್ರಾಮಾಣಿಕತೆ.

ಪಕ್ಕದ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಬರೀ ಪ್ರಮಾಣಪತ್ರದಿಂದ ಬೆಲೆ ಏರುವುದಿಲ್ಲ. ಲ ರುವಾ ಅವರ ಊರಿನವರಂತೆ ಬೆಳೆಗಾರರು ತಮಗೆ ತಾವೇ ನಿಯಮ ಹಾಕಿಕೊಳ್ಳಬೇಕು. ಲೀಜಿಗೆ ಹೊಲ ಹಿಡಿದ, ಎಕರೆಗೆ ಎಷ್ಟು ಚೀಲವೆಂದು ಲೆಕ್ಕ ಹಾಕುವ ಬಡ ರೈತನಿಗೆ ಇದು ಭಾರ, ನಿಜ. ಆದ್ದರಿಂದ ಅವನಿಗೆ ಖರ್ಚಿಲ್ಲದ ಕಡೆಯಿಂದ ತೊಡಗುವುದು ಸರಿ. ಮಾನ್ವಿ, ದೇವದುರ್ಗ, ರಾಯಚೂರಿನ ಮಾರುಕಟ್ಟೆಗಳಲ್ಲಿ ತಳಿವಾರು ಬೇರೆ ರಾಶಿ, ರೈತನೆದುರೇ ಯಂತ್ರದಲ್ಲಿ ಅಳೆದ ತೇವ, ಕಡಿತದ ಕಾರಣ ಬರೆದ ಚೀಟಿ ಕಡ್ಡಾಯವಾಗಲಿ. ಆ ಚೀಟಿಯ ಒಂದು ಪ್ರತಿ ರೈತನ ಕೈಯಲ್ಲಿರಲಿ.