ಮನೆಮಾತು: ಪೆಟ್ಟಿಗೆಯಲ್ಲಿ ಬಂದ ಗಿಟಾರು



ಈ ಸಲ ಅಡುಗೆಮನೆ ಬಿಟ್ಟು ಸ್ವಲ್ಪ ಹೊತ್ತು ಜಗುಲಿಗೆ ಬನ್ನಿ. ನಮ್ಮ ಮನೆಯ ಜಗುಲಿಯಲ್ಲಿ ಹೋದ ಮಳೆಗಾಲ ಪೂರ್ತಿ ಬಡಗಿ ಕೆಲಸ ನಡೆಯಿತು. ಬಡಗಿ ಯಾರು ಅಂತೀರಾ? ನನ್ನ ಮಗಳು!

ಅದಕ್ಕೂ ಮೊದಲಿನ ನಾಲ್ಕು ತಿಂಗಳು ಮನೆ ಮನೆಯಾಗಿರಲಿಲ್ಲ. ಅವಳಿಗೆ ನಿಶ್ಚಿತಾರ್ಥ ಆಗಿ, ಛತ್ರಕ್ಕೆ ಮುಂಗಡ ಕೊಟ್ಟು, ಸೀರೆಗಳನ್ನೂ ತಂದಾದ ಮೇಲೆ ಸಂಬಂಧ ಮುರಿದುಬಿತ್ತು. ಕಾರಣ ಇಲ್ಲಿ ಬೇಡ. ತಪ್ಪು ಅವಳದಲ್ಲ ಅಂದರೆ ಸಾಕು. ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಸಾಗರಕ್ಕೆ ಬಂದವಳು ಕೋಣೆ ಸೇರಿದಳು. ನಮ್ಮ ಯಜಮಾನರು ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ಸಿಟ್ಟಿನಿಂದಲ್ಲ, ಏನು ಹೇಳಬೇಕೋ ತಿಳಿಯದೆ. ಆದರೆ ಅವಳಿಗೆ ಅದು ಸಿಟ್ಟಿನಂತೆಯೇ ಕಂಡಿತು. ಇಬ್ಬರ ನಡುವೆ ಊಟದ ತಟ್ಟೆ ಹಿಡಿದು ಓಡಾಡುವುದು ನನ್ನ ಪಾಡು.

ಹೀಗಿರುವಾಗ ಒಂದು ದಿನ ಕೊರಿಯರ್‌ನವನು ಉದ್ದನೆಯ ರಟ್ಟಿನ ಪೆಟ್ಟಿಗೆ ತಂದುಕೊಟ್ಟ. ಬಿಚ್ಚಿದರೆ ಬಣ್ಣ ಕಾಣದ ಒಂದು ದಪ್ಪ ಹಲಗೆ, ಒಂದು ಮರದ ಕತ್ತು, ಆರು ಬಿರಡೆ, ತಗಡು, ತಂತಿ, ಪುಟ್ಟ ಚೀಲದ ತುಂಬ ತಿರುಪು ಮೊಳೆ.

"ಇದೇನೇ ಇದು?"

"ಎಲೆಕ್ಟ್ರಿಕ್ ಗಿಟಾರಮ್ಮ. ನಾವೇ ಜೋಡಿಸ್ಕೋಬೇಕು."

"ಜೋಡಿಸಿದ್ದೇ ತರಿಸಬಾರದಿತ್ತಾ?"

"ಬೇಡ ಅನ್ನಿಸ್ತು," ಅಂದಳು. ನಾಲ್ಕು ತಿಂಗಳಲ್ಲಿ ಅವಳು ತಾನಾಗಿ ಬೇಕು, ಬೇಡ ಅಂದ ಮೊದಲ ಮಾತು ಅದು. ಹೆಚ್ಚು ಕೇಳದೆ ಜಗುಲಿಯಲ್ಲಿ ಹಳೇ ಚಾಪೆ ಹಾಸಿಕೊಟ್ಟೆ.

ನಿಮ್ಮ ಹಾಗೆ ನನಗೂ ಇದರ ಗಂಧಗಾಳಿ ಇರಲಿಲ್ಲ. ನೋಡನೋಡುತ್ತಾ ಕಲಿತದ್ದು ಹೇಳುತ್ತೇನೆ. ವೀಣೆಗೆ ಇರುವಂತೆ ಇದಕ್ಕೆ ಟೊಳ್ಳು ಕೊಡ ಇಲ್ಲ, ಬರೀ ಗಟ್ಟಿ ಹಲಗೆ. ಹಾಗಾದರೆ ನಾದ ಎಲ್ಲಿಂದ? ತಂತಿಗಳ ಕೆಳಗೆ ಪಿಕಪ್ ಎಂಬ ಚಿಕ್ಕ ಭಾಗವಿದೆ. ಅದರಲ್ಲಿ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದಾಗ ತಾಮ್ರದಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡಿ ನಮಗೆ ಕೇಳಿಸುತ್ತದೆ.

ಇಂಥ ಪಿಕಪ್ ಸುತ್ತುವುದರಲ್ಲಿ ಹೆಸರಾದವರು ಒಬ್ಬ ಹೆಂಗಸು ಗೊತ್ತೇ? ಅಮೆರಿಕದ ಕ್ಯಾಲಿಫೋರ್ನಿಯಾದ ಫೆಂಡರ್ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೇಲ್ ಇಬಾರಾ, 2013ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ದುಡಿದರು. ಅವರ ಕೈಯ ಪಿಕಪ್ ಬೇಕೆಂದು ದೊಡ್ಡ ವಾದಕರೂ ಹುಡುಕುತ್ತಿದ್ದರಂತೆ. ಹೂ ಕಟ್ಟುವ, ಕಸೂತಿ ಹಾಕುವ ನಮ್ಮ ಬೆರಳುಗಳಿಗೆ ಇದೇನೂ ಅನ್ಯವಲ್ಲ ಅನ್ನಿ.

ಮಗಳು ಮೊದಲ ದಿನವೇ ಬಣ್ಣಕ್ಕೆ ಕೈ ಹಾಕಲಿಲ್ಲ. ಕತ್ತನ್ನು ಹಲಗೆಯ ಗೂಡಿನಲ್ಲಿ ಸುಮ್ಮನೆ ಕೂರಿಸಿ, ನನ್ನ ಹೊಲಿಗೆ ಡಬ್ಬಿಯಿಂದ ದಾರ ತೆಗೆದುಕೊಂಡು, ತುದಿಯಿಂದ ತುದಿಗೆ ಎರಡು ಎಳೆ ಎಳೆದು ಕಟ್ಟಿದಳು. ಮೊದಲನೇ ಮತ್ತು ಆರನೇ ತಂತಿ ಬರುವ ಜಾಗ ಅದು. ಎರಡೂ ದಾರ ಕತ್ತಿನ ಅಂಚಿನಿಂದ ಒಂದೇ ದೂರದಲ್ಲಿದ್ದರೆ ಕತ್ತು ನೆಟ್ಟಗಿದೆ ಎಂದರ್ಥ. ಬಣ್ಣ ಹಚ್ಚಿ ಮುಗಿದ ಮೇಲೆ ಸೊಟ್ಟ ಎಂದು ತಿಳಿದರೆ ಏನು ಪ್ರಯೋಜನ?

ಆಮೇಲೆ ಮರಳು ಕಾಗದದಿಂದ ಉಜ್ಜುವ ಕೆಲಸ. 120ನೇ ನಂಬರಿನಿಂದ ಶುರುಮಾಡಿ 180, 220, 320 ಹೀಗೆ ನುಣುಪಿಗೆ ಬರಬೇಕು. ಆತುರದಲ್ಲಿ ಒಂದು ನಂಬರು ಹಾರಿಸಿದರೆ ಹಿಂದಿನ ಗೀರು ಉಳಿದುಬಿಡುತ್ತದೆ. ಪಾಲಿಶ್ ಹಚ್ಚಿದಾಗಲೇ ಅದು ಎದ್ದು ಕಾಣುವುದು. ನಮ್ಮ ಬೀದಿಯಲ್ಲಿ ಗಂಧದ ಕೆತ್ತನೆಯ ಗುಡಿಗಾರರ ಮನೆಯಿದೆ. ಅಲ್ಲಿನ ಹಿರಿಯರು ಒಂದು ದಿನ ಜಗುಲಿಗೆ ಬಂದು, "ಎಳೆ ಹೋದ ಕಡೆಗೇ ಉಜ್ಜು ಮಗಾ, ಅಡ್ಡ ಉಜ್ಜಬೇಡ," ಅಂದರು. ಮದುವೆ ವಿಷಯ ಎತ್ತದೆ ಅವಳನ್ನು ಮಾತಾಡಿಸಿದ ಊರಿನ ಮೊದಲ ಮನುಷ್ಯ ಅವರು. ಅವಳು ಒಳಗೆ ಓಡಲಿಲ್ಲ.

ಪಾಲಿಶ್‌ಗೆ ಅವಳು ಆರಿಸಿದ್ದು ಅರಗು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು! ಮುತ್ತುಗ, ಕುಸುಮದಂಥ ಮರಗಳ ಮೇಲೆ ಬಾಳುವ ಪುಟ್ಟ ಕೀಟ ಸುರಿಸುವ ಅಂಟು ಅದು. ಶುದ್ಧ ಮಾಡಿದ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹಳೇ ಹತ್ತಿಬಟ್ಟೆಯ ಉಂಡೆಯಿಂದ ತೆಳ್ಳಗೆ ಸವರುತ್ತಾ ಹೋಗಬೇಕು. ನನ್ನ ಒಂದು ಹಳೇ ವಾಯಿಲ್ ಸೀರೆ ಇದಕ್ಕೇ ಹೋಯಿತು. ಕತ್ತು ಕೂರುವ ಗೂಡಿಗೂ ಬೀಟೆ ಮರದ ಬೆರಳಹಲಗೆಗೂ ಮಾತ್ರ ಪಾಲಿಶ್ ತಾಕದಂತೆ ಅಂಟುಪಟ್ಟಿ ಹಚ್ಚಿದ್ದಳು.

ಆದರೆ ನಮ್ಮೂರಿನ ಆಷಾಢ ನಿಮಗೆ ಗೊತ್ತಲ್ಲ! ಹಪ್ಪಳವೇ ಒಣಗದ ಕಾಲ. ಮೂರನೇ ಸಲ ಸವರಿದಾಗ ಮೈಯೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಬಟ್ಟೆಯ ಉಂಡೆ ಎಸೆದು ಅವಳು ಅತ್ತುಬಿಟ್ಟಳು. ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಅಳದವಳು! "ನಾನು ಮುಟ್ಟಿದ್ದೆಲ್ಲಾ ಹೀಗೇ ಆಗತ್ತಮ್ಮ," ಅಂದಳು. ಅವಳು ಅಳುತ್ತಿದ್ದುದು ಗಿಟಾರಿಗಲ್ಲ ಎಂದು ನನಗೆ ಗೊತ್ತಿತ್ತು. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ, ಅಷ್ಟೆ.

ಸಂಜೆ ಗುಡಿಗಾರ ಹಿರಿಯರು ನೋಡಿ ನಕ್ಕರು. "ಹಾಳಾಗಿಲ್ಲ. ಥಂಡಿ ಒಳಗೆ ಸಿಕ್ಕಿಕೊಂಡಿದೆ. ಹೊಳವು ಆಗಲಿ, ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಒಮ್ಮೆ ಎಳೆ, ಹೋಗತ್ತೆ. ಅಲ್ಲೀವರೆಗೂ ಮುಟ್ಟಬೇಡ." ಚೌತಿ ಕಳೆದು ನಾಲ್ಕು ದಿನ ಬಿಸಿಲು ಬಂತು. ಅವರು ಹೇಳಿದಂತೆಯೇ ಆಯಿತು. ಬಿಳುಪು ಕರಗಿ ಒಳಗಿನ ಮರದ ಎಳೆ ಜೇನುಬಣ್ಣದಲ್ಲಿ ಕಂಡಾಗ ನಾವಿಬ್ಬರೂ ಮಾತಿಲ್ಲದೆ ನೋಡುತ್ತಾ ನಿಂತೆವು.

ಇನ್ನು ಉಳಿದದ್ದು ಬೆಸುಗೆ. ಹೇಳಲು ಮರೆತೆ, ನಮ್ಮ ಯಜಮಾನರದು ಮೊದಲು ರೇಡಿಯೋ ರಿಪೇರಿ ಅಂಗಡಿ. 2006ರಲ್ಲಿ ಬಾಗಿಲು ಹಾಕಿದ ಮೇಲೆ ಬೆಸುಗೆಯ ಕಾವಿ ಅಟ್ಟ ಸೇರಿತ್ತು. ಅದನ್ನು ಕೇಳಲು ಮಗಳು ಅಪ್ಪನ ಮುಂದೆ ಹೋಗಿ ನಿಂತಳು. ನಾನು ಬಾಗಿಲ ಮರೆಯಲ್ಲಿ.

"ಅಪ್ಪಾ, ಈ ಮಾದರಿ ಗಿಟಾರ್ ಮಾಡಿದ ಲಿಯೋ ಫೆಂಡರ್ ಕೂಡಾ ರೇಡಿಯೋ ರಿಪೇರಿಯವನೇ. 1938ರಲ್ಲಿ ಅಂಗಡಿ ಇಟ್ಟಿದ್ದ. 1950ರಲ್ಲಿ ಇದು ಮಾಡಿದ. ಕತ್ತನ್ನು ಅಂಟು ಹಾಕದೆ ಬರೀ ನಾಲ್ಕು ತಿರುಪಿನಲ್ಲಿ ಕೂರಿಸಿದ, ಕೆಟ್ಟರೆ ಬಿಚ್ಚಿ ಬದಲಾಯಿಸಲಿ ಅಂತ."

"ಅವನಿಗೆ ಬಾರಿಸಕ್ಕೆ ಬರ್ತಿತ್ತಾ?"

"ಬರ್ತಾನೇ ಇರಲಿಲ್ವಂತೆ."

ಅವರು ಪತ್ರಿಕೆ ಮಡಿಸಿಟ್ಟು ನಕ್ಕರು. ಅಟ್ಟಕ್ಕೆ ಏಣಿ ಹಾಕಿದವರೂ ಅವರೇ.

ಬೆಸುಗೆಯನ್ನು ಮಾಡಿದವಳು ಮಾತ್ರ ಅವಳು. ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಸೀಸವನ್ನು ಕಾವಿಗೆ ಹಿಡಿಯಬಾರದು, ಸೇರಿಸುವ ಜಾಗವನ್ನು ಕಾಯಿಸಿ ಅಲ್ಲಿಗೆ ಹಿಡಿದರೆ ತಾನೇ ಹರಿಯುತ್ತದೆ. ತಂತಿ ಕಟ್ಟಿ ಮೊದಲ ಸಲ ಆಂಪ್ಲಿಫೈಯರ್‌ಗೆ ಸೇರಿಸಿದಾಗ ಬಂದದ್ದು ಮಾತ್ರ ಜೇನುಹುಳು ಹೊಕ್ಕಂಥ ಗುಂಯ್! ಅವಳ ಮುಖ ಮತ್ತೆ ಸಣ್ಣಗಾಯಿತು. ಯಜಮಾನರು ತಂತಿ ಮುಟ್ಟಿ ನೋಡಿದರು, ನಿಲ್ಲಲಿಲ್ಲ. ವೈರು ಚುಚ್ಚುವ ಲೋಹದ ಬಿಲ್ಲೆ ಮುಟ್ಟಿದರು, ನಿಂತಿತು. "ತಂತಿಗೆ ಅರ್ಥ್ ಸಿಕ್ಕಿಲ್ಲ, ತಗಡು ಬಿಚ್ಚು," ಅಂದರು. ಬಿಚ್ಚಿದರೆ ತಗಡಿನ ಕೆಳಗೆ ತಾಗಿಕೊಂಡಿರಬೇಕಾದ ತಂತಿಯ ತುದಿ ತೂತಿನೊಳಗೇ ಜಾರಿ ಕೂತಿತ್ತು. ಹೊರಗೆಳೆದು ಕೂರಿಸಿದ್ದೇ ತಡ, ಗುಂಯ್ ಅಡಗಿತು. ಅವಳು ಒಂದು ತಂತಿ ಮೀಟಿದಳು. ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಒಗ್ಗರಣೆ ಸೀದದ್ದು ನನಗೆ ಆಮೇಲೆ ತಿಳಿಯಿತು.

ನಿಮ್ಮ ಮನೆಗೂ ಇಂಥ ಪೆಟ್ಟಿಗೆ ಬಂದರೆ ಕೆಲವು ಮಾತು ನೆನಪಿಡಿ. ಉಜ್ಜುವಾಗ ಮೂಗಿಗೆ ಬಟ್ಟೆಯಲ್ಲ, ಸರಿಯಾದ ಮಾಸ್ಕ್ ಇರಲಿ. ಸ್ಪಿರಿಟ್ ಬಳಿ ದೀಪ, ಒಲೆ ಬೇಡ. ಅರಗಿನ ಬದಲು ಅಗಸೆ ಎಣ್ಣೆ ಬಳಸಿದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ತಾನಾಗಿ ಕಾವೇರಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ. ತಿರುಪು ಹಾಕುವ ಮೊದಲು ಸಣ್ಣ ತೂತು ಕೊರೆದು, ಮೊಳೆಗೆ ಮೇಣದಬತ್ತಿ ತಿಕ್ಕಿ. ಇಲ್ಲದಿದ್ದರೆ ಮೊಳೆ ಮುರಿಯುತ್ತದೆ. ಬೆಸುಗೆಗೆ ಕಿಟಕಿ ತೆರೆದಿರಲಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಆಂಪ್ಲಿಫೈಯರ್‌ಗೆ ಅರ್ಥ್ ಇರುವ ಮೂರು ಪಿನ್ನಿನ ಸಾಕೆಟ್ ಕಡ್ಡಾಯ.

ಇನ್ನೊಂದು ಮಾತು. "ಹೆಣ್ಣುಮಗಳಿಗೆ ಇದೆಲ್ಲಾ ಯಾಕೆ, ಇದರಿಂದ ಏನು ಬರತ್ತೆ?" ಎಂದು ಮೊದಲ ದಿನ ನನ್ನ ನಾಲಿಗೆಯ ತುದಿಗೂ ಬಂದಿತ್ತು. ಸದ್ಯ, ನುಂಗಿಕೊಂಡೆ. ನೀವೂ ನುಂಗಿಕೊಳ್ಳಿ.

ಮಗಳು ಈಗ ಬೆಂಗಳೂರಿಗೆ ಮರಳಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಗಿಟಾರ್ ಇನ್ನೂ ಸುಮಾರಾಗಿಯೇ ನುಡಿಸುತ್ತಾಳೆ. ಹಿಂದೆ, ಕತ್ತಿನ ಬುಡದಲ್ಲಿ, ಮುರಿದ ಮೊಳೆಯ ಒಂದು ಗುರುತೂ ಉಳಿದಿದೆ. ಪ್ರತಿ ಭಾನುವಾರ ಫೋನ್ ಬಂದಾಗ ಯಜಮಾನರು ನನಗಿಂತ ಮೊದಲೇ ಎತ್ತಿಕೊಂಡು, "ಗುಂಯ್ ಅನ್ನತ್ತೇನೇ?" ಅಂತ ಕೇಳುತ್ತಾರೆ. ಆಮೇಲೆ ಅರ್ಧ ಗಂಟೆ ಅವರದೇ ಮಾತು.

ಹಲವರು ಕೇಳಿದ ಅಪ್ಪೆಮಿಡಿ ಉಪ್ಪಿನಕಾಯಿಯ ವಿವರ ಮುಂದಿನ ಸಂಚಿಕೆಗೆ. ಬರಲೇ?